ಹೊಸ ಬೈಕಿಗೆ ಹಳೆಯ ಮುಖ

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದಾಗ ಬೈಕ್ ಪ್ರಿಯರ ಬಾಯಲ್ಲಿ ಓಡಾಡಿದ ಸಂಖ್ಯೆ 350. ಅಷ್ಟು ಸಿಸಿವರೆಗಿನ ಬೈಕುಗಳ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅದನ್ನು ದಾಟಿದ ಎಂಜಿನ್‌ಗಳ ಮೇಲೆ ಶೇ 40 ಬಿತ್ತು. ಈ ಗೆರೆಯ ಕೆಳಗೆ ಸೇರಿಕೊಂಡವು ಯಾವುವು ನೋಡಿ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 349 ಸಿಸಿ, ಹೋಂಡಾ ಸಿಬಿ350 348 ಸಿಸಿ, ಹೊಸ ಯೆಜ್ಡಿ 334 ಸಿಸಿ. ಎಲ್ಲವೂ ಹಳೆಯ ಕಾಲದ ಚಹರೆ ಹೊತ್ತ ಬೈಕುಗಳೇ.

ಇದು ಕೆಲವೇ ಹುಚ್ಚು ಅಭಿಮಾನಿಗಳ ಮಾರುಕಟ್ಟೆ ಎನ್ನುವ ಕಾಲ ಮುಗಿದಿದೆ. 2024–25ರಲ್ಲಿ ರಾಯಲ್ ಎನ್‌ಫೀಲ್ಡ್ ಒಂದೇ, ರಫ್ತೂ ಸೇರಿ, 10 ಲಕ್ಷಕ್ಕೂ ಹೆಚ್ಚು ಬೈಕ್ ಮಾರಿತು. 2018ರಲ್ಲಿ ಜಾವಾ ಮತ್ತೆ ಬಂತು, 2022ರಲ್ಲಿ ಯೆಜ್ಡಿ. ನಡುವೆ 2020ರಲ್ಲಿ ಹೋಂಡಾ ಕೂಡ ಇದೇ ಪಂಕ್ತಿಯಲ್ಲಿ ಎಲೆ ಹಾಕಿಕೊಂಡು ಕೂತಿತು. ಕೈಯಲ್ಲಿ ಇತ್ತೀಚಿನ ಫೋನ್ ಬೇಕೆನ್ನುವ ನಮ್ಮ ಪೀಳಿಗೆಗೆ ಬೈಕ್ ಮಾತ್ರ ಅಪ್ಪನ ಕಾಲದ್ದರಂತೆ ಯಾಕಿರಬೇಕು?

ಮೊದಲ ಉತ್ತರ ಸರಳ. ಇವು ಹಳೆಯ ಬೈಕುಗಳೇ ಅಲ್ಲ. ಹಳೆಯ ಬುಲೆಟ್ ಸ್ಟಾರ್ಟ್ ಮಾಡಲು ಒಂದು ವಿದ್ಯೆ ಬೇಕಿತ್ತು. ಪಿಸ್ಟನ್ ಸರಿಯಾದ ಜಾಗಕ್ಕೆ ಬರದೆ ಕಿಕ್ ಹೊಡೆದರೆ ಅದು ತಿರುಗಿ ಕಾಲಿಗೇ ಬಡಿಯುತ್ತಿತ್ತು. ಹಳೆಯ ಯೆಜ್ಡಿಗೆ ಪೆಟ್ರೋಲ್ ಜೊತೆ ಆಯಿಲ್ ಬೆರೆಸಿ ಹಾಕಬೇಕಿತ್ತು. ಇಂದಿನವುಗಳಲ್ಲಿ ಸೆಲ್ಫ್ ಸ್ಟಾರ್ಟ್ ಇದೆ, ಫ್ಯೂಯಲ್ ಇಂಜೆಕ್ಷನ್ ಇದೆ, ಎಬಿಎಸ್ ಇದೆ. 2021ರಲ್ಲಿ ಬಂದ ಕ್ಲಾಸಿಕ್ ಎಂಜಿನ್‌ನಲ್ಲಿ ಕಂಪನ ತಗ್ಗಿಸಲೆಂದೇ ಬ್ಯಾಲೆನ್ಸರ್ ಶಾಫ್ಟ್ ಕೂರಿಸಿದ್ದಾರೆ. ಅಂದರೆ ಅಪ್ಪ ಪಟ್ಟ ಪಾಡನ್ನು ತೆಗೆದುಹಾಕಿ, ಅಪ್ಪ ಕೂತಿದ್ದ ಠೀವಿಯನ್ನಷ್ಟೇ ನಮಗೆ ಮಾರುತ್ತಿದ್ದಾರೆ.

ಎರಡನೆಯದು ಓಡುವ ರೀತಿ. 195 ಕೆ.ಜಿ. ತೂಕದ ಕ್ಲಾಸಿಕ್ 350ರ ಶಕ್ತಿ ಸುಮಾರು 20 ಬಿಎಚ್‌ಪಿ. ಅಂಕಿ ಮಾತ್ರ ನೋಡಿದರೆ ಮೂಗು ಮುರಿಯಬೇಕು. ಇದೇ ದುಡ್ಡಿಗೆ ಇದಕ್ಕಿಂತ ಹಗುರವಾದ, ಹೆಚ್ಚು ಶಕ್ತಿಯ ಬೈಕುಗಳು ಸಿಗುತ್ತವೆ. ಆದರೆ ಅದರ 27 ನ್ಯೂಟನ್ ಮೀಟರ್ ಟಾರ್ಕ್ 4,000 ಆರ್‌ಪಿಎಂನಲ್ಲೇ ಸಿಕ್ಕಿಬಿಡುತ್ತದೆ. ಎಂಜಿನ್ ಕಿರುಚಿಸದೆಯೇ ಬೈಕ್ ಎಳೆಯುತ್ತದೆ, ಪದೇ ಪದೇ ಗೇರ್ ಬದಲಿಸುವ ಕೆಲಸವಿಲ್ಲ. ಚಾರ್ಮಾಡಿಯ ತಿರುವುಗಳಲ್ಲಿ ಗಂಟೆಗೆ 40 ಕಿ.ಮೀ. ವೇಗವೇ ಹೆಚ್ಚು. 150ರಲ್ಲಿ ಓಡುವ ಬೈಕಿಗೆ ಅಲ್ಲಿ ಏನು ಕೆಲಸ? ನಮ್ಮ ರಸ್ತೆಗಳು ಎಷ್ಟು ವೇಗಕ್ಕೆ ಬಿಡುತ್ತವೋ ಅಷ್ಟೇ ವೇಗದಲ್ಲಿ ಸುಖ ಕೊಡುವ ಬೈಕ್ ಇದು.

ಮೂರನೆಯದು ಮನಸ್ಸಿಗೆ ಸಂಬಂಧಿಸಿದ್ದು, ನನ್ನ ಮಟ್ಟಿಗೆ ಅದೇ ಮುಖ್ಯ. ನಮ್ಮ ವಯಸ್ಸಿನವರ ಬದುಕಿನಲ್ಲಿ ಬಾಳಿಕೆ ಬರುವ ವಸ್ತು ಕಡಿಮೆ. ಫೋನ್ ಮೂರು ವರ್ಷಕ್ಕೆ ಹಳತು. ಕೆಲಸ ಹನ್ನೊಂದು ತಿಂಗಳ ಗುತ್ತಿಗೆ. ಆಫರ್ ಲೆಟರ್ ಬಂದು, ಸೇರುವ ದಿನಾಂಕ ಮಾತ್ರ ಬಾರದೆ ಕಾಯುತ್ತಿರುವವರು ಪ್ರತಿ ಬ್ಯಾಚಿನಲ್ಲೂ ಇದ್ದಾರೆ. ಇಂಥ ಹೊತ್ತಲ್ಲಿ ಕಬ್ಬಿಣದ ಭಾರವಿರುವ, ಐವತ್ತು ವರ್ಷದಿಂದ ಹೆಚ್ಚುಕಡಿಮೆ ಒಂದೇ ರೂಪದಲ್ಲಿ ಕಾಣುವ ವಸ್ತುವೊಂದು ಎದುರು ನಿಂತರೆ ಮನಸ್ಸು ಅತ್ತ ವಾಲುತ್ತದೆ. ಅದು ನಮ್ಮ ನೆನಪಲ್ಲ, ಎರವಲು ತಂದ ನೆನಪು. ಆದರೂ ಒಂದು ಭದ್ರತೆಯ ಭಾವ ಕೊಡುತ್ತದೆ. ಕಂಪನಿಗಳು ಎಂಜಿನ್ ಜೊತೆ ಮಾರುತ್ತಿರುವುದು ಈ ಭಾವವನ್ನೇ.

ಆದರೆ ಆ ನೆನಪನ್ನು ಪೂರ್ತಿ ನೆನೆಯಬೇಕಾದ ಊರು ನಮ್ಮಲ್ಲೇ ಇದೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಬೈಕುಗಳು ಹೊರಬರತೊಡಗಿದವು. ಮುಂದೆ ಅವೇ ಯೆಜ್ಡಿ ಎಂಬ ಹೆಸರಾದವು. 1980ರ ದಶಕದಲ್ಲಿ ಜಪಾನಿ ಸಹಯೋಗದ 100 ಸಿಸಿ ಬೈಕುಗಳು ಬಂದವು. ಲೀಟರಿಗೆ ಎಷ್ಟು ಕೊಡುತ್ತದೆ ಎಂಬ ಪ್ರಶ್ನೆ ಮುಂದೆ ಬಂತು. ಟೂ ಸ್ಟ್ರೋಕ್ ಹೊಗೆಯ ಮೇಲೆ ನಿಯಮಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಅಂದು ಯೆಜ್ಡಿಯನ್ನು ಕೆಳಗಿಳಿಸಿದ್ದು ಮೈಲೇಜ್; ಇಂದು ಅದೇ ಮನೆಗಳ ಮಕ್ಕಳು ಮೈಲೇಜ್ ಕೇಳದೆ ಯೆಜ್ಡಿ ಬುಕ್ ಮಾಡುತ್ತಿದ್ದಾರೆ. ಹೆಸರು ಮರಳಿ ಬಂದಿದೆ ನಿಜ, ಆದರೆ ಬೈಕ್ ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಆಚರಿಸುವಾಗ ಹಳೆಯ ಬೈಕುಗಳ ಸಾಲಿನ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತೇವೆ. ಆ ಬೈಕುಗಳನ್ನು ಜೋಡಿಸುತ್ತಿದ್ದ ಕೈಗಳಿಗಿದ್ದ ಕೆಲಸ ಮಾತ್ರ ಮೈಸೂರಿಗೆ ಮರಳಲಿಲ್ಲ. ಉದ್ಯೋಗ ಹುಡುಕುವ ನಾವು ಇದನ್ನು ಗಮನಿಸದಿದ್ದರೆ ಹೇಗೆ?

ಇನ್ನು ಲೆಕ್ಕ. ಇಂಥ ಬೈಕಿಗೆ 2 ಲಕ್ಷ ರೂಪಾಯಿ ಸಾಲ, ಶೇ 12 ಬಡ್ಡಿ, ಮೂರು ವರ್ಷ ಎಂದುಕೊಳ್ಳಿ. ತಿಂಗಳ ಕಂತು ಸುಮಾರು 6,650 ರೂಪಾಯಿ. ಒಟ್ಟು ಕಟ್ಟುವುದು 2.39 ಲಕ್ಷ. ದಿನಕ್ಕೆ 30 ಕಿ.ಮೀ.ಯಂತೆ 25 ದಿನ ಓಡಿಸಿ, ಲೀಟರಿಗೆ 35 ಕಿ.ಮೀ. ಬಂದರೆ ಪೆಟ್ರೋಲಿಗೆ ಇನ್ನೂ 2,000ಕ್ಕೂ ಹೆಚ್ಚು. ಇನ್ಶೂರೆನ್ಸ್, ಸರ್ವಿಸ್ ಬೇರೆ. 22 ಸಾವಿರ ಸಂಬಳದ ಮೊದಲ ಕೆಲಸದಲ್ಲಿ ಪಿಜಿ ಬಾಡಿಗೆ ಕಳೆದು, ಊರಿಗೆ ಒಂದಿಷ್ಟು ಕಳಿಸಿದ ಮೇಲೆ ಇದು ನಿಲ್ಲುವುದೆಲ್ಲಿ? ತೆರಿಗೆ ಇಳಿದಿದ್ದರಿಂದ ಬೆಲೆ ಇಳಿದಿದೆ. ನಮ್ಮ ಸಂಬಳ ಏರಿಲ್ಲ. ಕೆಲಸ ಹೋದ ತಿಂಗಳಲ್ಲೂ ಕಂತಿನ ತಾರೀಕು ತಪ್ಪದೆ ಬರುತ್ತದೆ.

ಹಾಗೆಂದು ಆಸೆಯೇ ತಪ್ಪು ಎನ್ನುವ ಉಪದೇಶ ನನ್ನದಲ್ಲ. ನನಗೂ ಆ ಡುಗುಡುಗು ಸದ್ದು ಇಷ್ಟವೇ. ಆಸೆಯನ್ನು ಪೂರೈಸಿಕೊಳ್ಳುವ ಕ್ರಮ ನಮ್ಮ ಕೈಯಲ್ಲಿದೆ. ಆರು ತಿಂಗಳು ಕಂತಿನಷ್ಟೇ ಹಣವನ್ನು ಬ್ಯಾಂಕಿನಲ್ಲಿ ಇಟ್ಟು ನೋಡಿ. ತಡೆಯದೆ ಇಡಲು ಸಾಧ್ಯವಾದರೆ ಬೈಕ್ ಸಾಕಬಹುದು, ಮುಂಗಡಕ್ಕೆ ಸುಮಾರು 40 ಸಾವಿರವೂ ಸೇರಿರುತ್ತದೆ. ಸಾಧ್ಯವಾಗದಿದ್ದರೆ, ಸಾಲ ತಲೆಗೇರುವ ಮೊದಲೇ ಉತ್ತರ ಸಿಕ್ಕಂತಾಯಿತು. ಐಟಿಐ, ಡಿಪ್ಲೊಮಾ ಓದುತ್ತಿರುವವರಿಗೆ ಇನ್ನೊಂದು ಮಾತು. ಹಳೆಯ ರೂಪದ ಈ ಬೈಕುಗಳ ಒಳಗಿರುವುದು ಸೆನ್ಸರ್, ಇಸಿಯು. ಸ್ಪ್ಯಾನರ್ ಜೊತೆ ಸ್ಕ್ಯಾನರ್ ಹಿಡಿಯಬಲ್ಲ ಮೆಕ್ಯಾನಿಕ್ ಪ್ರತಿ ತಾಲ್ಲೂಕಿಗೂ ಬೇಕಾಗುತ್ತಾರೆ. ಲಕ್ಷಗಟ್ಟಲೆ ಬೈಕುಗಳು ರಸ್ತೆಗಿಳಿದಿವೆ, ಅವೆಲ್ಲ ರಿಪೇರಿಗೆ ಬರಲೇಬೇಕು. ಅವನ್ನು ಕೊಳ್ಳುವವರಷ್ಟೇ ಆಗದೆ, ಅವುಗಳಿಂದ ದುಡಿಯುವವರೂ ನಾವಾಗಬಹುದು.