ದಂತವೈದ್ಯವೃತ್ತಿಯ ಯೋಗ್ಯತಾವಿಚಾರ

ನಮ್ಮ ನಾಡಿನಲ್ಲಿ ತರುಣನೊಬ್ಬನು ದಂತವೈದ್ಯನಾಗುವುದು ಬಹುಮಟ್ಟಿಗೆ ಸಂಕಲ್ಪದಿಂದಲ್ಲ, ಪಾರಿಶೇಷ್ಯನ್ಯಾಯದಿಂದ. ನೀಟ್ ಪರೀಕ್ಷೆಯ ಫಲಿತಾಂಶವು ಪ್ರಕಟವಾಗಿ, ಎಂ.ಬಿ.ಬಿ.ಎಸ್. ಸೀಟು ಎಷ್ಟನೆಯ ರ್‍ಯಾಂಕಿನವರೆಗೆ ಇಳಿಯಬಹುದೆಂಬ ಗಣಿತವು ಮನೆಮನೆಗಳಲ್ಲಿ ನಡೆದು, ಸರಕಾರಿ ಸೀಟು ಕೈತಪ್ಪಿ, ಖಾಸಗಿ ಸೀಟಿನ ಶುಲ್ಕವು ತಂದೆಯ ಶಕ್ತಿಗೆ ಮೀರಿದುದೆಂಬುದು ನಿಶ್ಚಯವಾದ ಮೇಲೆ, ‘ಬಿ.ಡಿ.ಎಸ್. ಆದರೂ ಮಾಡಿಸಿ ಭಾವ, ಹೆಸರಿನ ಮುಂದೆ ಡಾಕ್ಟರ್ ಅಂತ ಬರುತ್ತಲ್ಲ’ ಎಂದು ಸೋದರಮಾವನೊಬ್ಬನು ಸಮಾಧಾನ ಹೇಳುತ್ತಾನೆ; ಅಲ್ಲಿಗೆ ಒಂದು ಜೀವಿತದ ವೃತ್ತಿಯು ನಿರ್ಣಯವಾಗಿಹೋಗುತ್ತದೆ. ಹೀಗೆ ಬಂದವರಲ್ಲಿ ಅನೇಕರು ಉತ್ತಮ ವೈದ್ಯರಾಗಿರುವುದು ನಿಜ. ಆದರೂ ಅಂಕ, ಶುಲ್ಕ, ಗೌರವ, ಸಂಪಾದನೆ ಇವುಗಳೆಲ್ಲವನ್ನೂ ತೂಗಿನೋಡಿದ ಆ ಕುಟುಂಬದಲ್ಲಿ ‘ಈ ಹುಡುಗನಿಗೆ ಕೈಕೆಲಸವು ಪ್ರಿಯವೇ?’ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಎತ್ತಿರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಮೊಟ್ಟಮೊದಲು ಕೇಳಬೇಕಾದ ಪ್ರಶ್ನೆಯು ಅದೇ.

ಏಕೆಂದರೆ ದಂತವೈದ್ಯನ ವಿದ್ಯೆಯು ವೈದ್ಯನದಾದರೂ ಅವನ ದಿನಚರ್ಯೆಯು ಶಿಲ್ಪಿಯದು. ನಾಲ್ಕು ವರ್ಷಗಳ ವ್ಯಾಸಂಗ, ಒಂದು ವರ್ಷದ ಇಂಟರ್ನ್‌ಶಿಪ್, ಹೀಗೆ ಐದು ವರ್ಷಗಳ ಈ ಶಿಕ್ಷಣದಲ್ಲಿ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರಗಳ ಪುಸ್ತಕಗಳನ್ನು ವಿದ್ಯಾರ್ಥಿಯು ಓದುತ್ತಿರುವಾಗಲೇ, ಅವನ ಕೈಗೆ ಒಂದು ಮೇಣದ ತುಂಡನ್ನೂ ಒಂದು ಸಣ್ಣ ಚೂರಿಯನ್ನೂ ಕೊಟ್ಟು, ಕೋರೆಹಲ್ಲನ್ನೋ ದವಡೆಹಲ್ಲನ್ನೋ ಅದರ ಉಬ್ಬುತಗ್ಗುಗಳೊಡನೆ ಕೆತ್ತಿ ತೋರಿಸೆಂದು ಹೇಳುತ್ತಾರೆ. ಮುಂದೆ ನಿಜವಾದ ಬಾಯಿಯ ಬಳಿಗೆ ಬಂದಾಗ ಮೇಣದ ಸೌಜನ್ಯವು ಅಲ್ಲಿರುವುದಿಲ್ಲ. ನಾಲಗೆಯು ಚಲಿಸುತ್ತದೆ, ಲಾಲಾರಸವು ಕ್ಷಣಕ್ಷಣಕ್ಕೂ ತುಂಬುತ್ತದೆ, ಮೇಲ್ದವಡೆಯ ಒಳಭಾಗವನ್ನು ನೇರವಾಗಿ ಕಾಣುವುದಕ್ಕಾಗದೆ, ಪುಟ್ಟ ಕನ್ನಡಿಯಲ್ಲಿ ವಿಪರ್ಯಸ್ತವಾಗಿ ತೋರುವ ಬಿಂಬವನ್ನು ನೋಡುತ್ತ, ನಿಮಿಷಕ್ಕೆ 3 ಲಕ್ಷಕ್ಕೂ ಹೆಚ್ಚು ಸಲ ಸುತ್ತುವ ಯಂತ್ರದ ಮೊನೆಯನ್ನು ಮಿಲಿಮೀಟರಿನ ಅಂಶಾಂಶದಲ್ಲಿ ನಡೆಸಬೇಕಾಗುತ್ತದೆ. ಮನುಷ್ಯದೇಹದಲ್ಲಿ ಎನಾಮಲ್‌ಗಿಂತ ಕಠಿಣವಾದ ಪದಾರ್ಥವಿಲ್ಲ. ಆದರೆ ಮುರಿದ ಮೂಳೆಯಂತೆ ಅದು ಮತ್ತೆ ಕೂಡುವುದೂ ಇಲ್ಲ, ಕೊರೆದುದು ಹೋದಂತೆಯೇ. ಸುಶ್ರುತಸಂಹಿತೆಯು ಶಸ್ತ್ರಗಳನ್ನು ಎಣಿಸುವಾಗ ಹಲ್ಲಿನ ಕಿಟ್ಟವನ್ನು ಕೆರೆಯುವ ದಂತಶಂಕುವಿಗೂ ಒಂದು ಸ್ಥಾನವನ್ನು ಕೊಟ್ಟಿದೆಯೆಂಬುದನ್ನು ನೆನೆದರೆ, ಈ ಕೆಲಸವು ಪ್ರಾಚೀನ ಕಾಲದಿಂದಲೂ ಉಪಕರಣವನ್ನೂ ಅದನ್ನು ಹಿಡಿದ ಕೈಯನ್ನೂ ಅವಲಂಬಿಸಿದುದೆಂಬುದು ವಿದಿತವಾಗುತ್ತದೆ.

ಕೈಯು ಅಭ್ಯಾಸದಿಂದ ಪಳಗುವುದಲ್ಲವೆ ಎಂದು ಆಕ್ಷೇಪಿಸಬಹುದು. ಪಳಗುತ್ತದೆ; ಸಾಧಾರಣವಾದ ಕೈಗೂ ಕಾಲೇಜು ಸಾಕಷ್ಟು ಕೌಶಲವನ್ನು ಕಲಿಸಿಯೇ ಕಳುಹಿಸುತ್ತದೆ. ಕಲಿಸಲಾರದುದು ರುಚಿಯನ್ನು. ಅಕ್ಕಸಾಲಿಗನು ಒಡವೆಯ ಹಿಂಬದಿಗೂ ಒಪ್ಪ ಕೊಡುವಂತೆ, ರೋಗಿಯ ಕಣ್ಣಿಗೆ ಎಂದೂ ಬೀಳದ ಕಡೆಯ ಹಲ್ಲಿನ ಹುಳುಕನ್ನು ತೆಗೆದು ತುಂಬುವಾಗ ಅಂಚು ಸರಿಯಾಗಿ ಕೂಡಿತೇ ಎಂದು ಮತ್ತೊಮ್ಮೆ ತಡವಿ ನೋಡಿ, ಕೂಡಿದುದನ್ನು ಕಂಡು ಒಳಗೊಳಗೇ ಸಂತೋಷಪಡುವ ಸ್ವಭಾವವುಳ್ಳವನಿಗೆ ಇಪ್ಪತ್ತು ವರ್ಷಗಳ ರೂಟ್ ಕೆನಾಲ್‌ಗಳೂ ಬೇಸರವನ್ನು ತಾರವು. ಆ ಸ್ವಭಾವವಿಲ್ಲದವನಿಗೆ ಎರಡನೆಯ ವರ್ಷವೇ ದೀರ್ಘವಾಗಿ ಕಾಣುವುದು. ವಿಚಿತ್ರವೆಂದರೆ, ಈ ವೃತ್ತಿಗೆ ಜನರನ್ನು ಆರಿಸುವ ಪ್ರವೇಶಪರೀಕ್ಷೆಯು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಕೂಲಂಕಷವಾಗಿ ಪರೀಕ್ಷಿಸುತ್ತದೆಯೇ ಹೊರತು ಬೆರಳುಗಳ ಗೋಜಿಗೆ ಹೋಗುವುದೇ ಇಲ್ಲ.

ಕೈಯ ಜೊತೆಗೆ ಬೇಕಾದ ಇನ್ನೊಂದು ಗುಣವು ಭೀತನಾದವನೊಡನೆ ವ್ಯವಹರಿಸುವ ತಾಳ್ಮೆ. ಶಸ್ತ್ರವೈದ್ಯನ ರೋಗಿಯು ಬಹುಶಃ ನಿದ್ರಿಸುತ್ತಿರುತ್ತಾನೆ. ದಂತವೈದ್ಯನ ರೋಗಿಯು ಎಚ್ಚತ್ತು, ಕುರ್ಚಿಯ ತೋಳುಗಳನ್ನು ಬಿಗಿಯಾಗಿ ಹಿಡಿದು, ಸೂಜಿಯನ್ನು ದಿಟ್ಟಿಸುತ್ತಿರುತ್ತಾನೆ. ಹಲ್ಲಿನ ಡಾಕ್ಟರು ಅರ್ಧ ಡಾಕ್ಟರೆಂದು ಹಾಸ್ಯಮಾಡುವವರು ಒಂದು ಸಂಗತಿಯನ್ನು ಗಮನಿಸಬೇಕು. 1844ರಲ್ಲಿ ನೈಟ್ರಸ್ ಆಕ್ಸೈಡ್ ಅನಿಲವನ್ನು ಸೇವಿಸಿ ತನ್ನ ಹಲ್ಲನ್ನೇ ಕೀಳಿಸಿಕೊಂಡು ಪರೀಕ್ಷಿಸಿದ ಹೊರೇಸ್ ವೆಲ್ಸನೂ, 1846ರಲ್ಲಿ ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಈಥರ್ ಪ್ರಯೋಗದಿಂದ ವೇದನಾರಹಿತ ಶಸ್ತ್ರಚಿಕಿತ್ಸೆಯನ್ನು ಸಾರ್ವಜನಿಕವಾಗಿ ಸಾಧ್ಯಮಾಡಿ ತೋರಿಸಿದ ವಿಲಿಯಂ ಮಾರ್ಟನನೂ ದಂತವೈದ್ಯರೇ. ದಿನವೂ ಹತ್ತಾರು ಜನರ ನರಳಾಟವನ್ನು ಅಂಗೈದೂರದಿಂದ ಕೇಳುತ್ತಿದ್ದವರಿಗೆ ನೋವನ್ನಡಗಿಸುವ ಉಪಾಯವು ಇತರರಿಗಿಂತ ಹೆಚ್ಚು ಅವಶ್ಯವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಆ ನರಳಾಟದಿಂದ ಸಿಡಿಮಿಡಿಗೊಳ್ಳುವ ಪ್ರಕೃತಿಯವನು ಬೇರೆ ಕೆಲಸವನ್ನು ನೋಡಿಕೊಳ್ಳುವುದು ಅವನಿಗೂ ಕ್ಷೇಮ, ಊರಿಗೂ ಕ್ಷೇಮ.

ಇನ್ನು ಜೀವನೋಪಾಯದ ವಿಚಾರ. ಭಾರತದ ಪ್ರಥಮ ದಂತವೈದ್ಯ ಕಾಲೇಜನ್ನು ರಫಿಯುದ್ದೀನ್ ಅಹಮದರು 1920ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದಾಗ ಇಂಥ ವೈದ್ಯರು ಬೇಕೆಂದು ಜನರಿಗೆ ಮನಗಾಣಿಸುವುದೇ ಕಷ್ಟವಾಗಿದ್ದಿರಬೇಕು. ಬೆಂಗಳೂರಿನ ಸರಕಾರಿ ದಂತವೈದ್ಯ ಕಾಲೇಜು 1958ರಲ್ಲಿಯೂ ಮಣಿಪಾಲದ್ದು 1965ರಲ್ಲಿಯೂ ಆರಂಭವಾದುವು. ಈಗ ಕರ್ನಾಟಕವೊಂದರಲ್ಲಿಯೇ ಇಂಥ ಕಾಲೇಜುಗಳು 40ಕ್ಕೂ ಹೆಚ್ಚು. ಸರಕಾರಿ ಹುದ್ದೆಗಳು ವಿರಳ. ಆದಕಾರಣ ಹೆಚ್ಚಿನವರು ಕುರ್ಚಿ, ಕಂಪ್ರೆಸರ್, ಎಕ್ಸ್‌ರೇ, ಆಟೋಕ್ಲೇವ್‌ಗಳಿಗೆ ಸಾಲಮಾಡಿ ಸ್ವಂತ ಕ್ಲಿನಿಕ್ಕನ್ನು ತೆರೆಯಬೇಕು, ಇಲ್ಲವೆ ಮತ್ತೊಬ್ಬರ ಕ್ಲಿನಿಕ್ಕಿನಲ್ಲಿ ಅಲ್ಪವೇತನಕ್ಕೆ ದುಡಿಯಬೇಕು. ಹಲ್ಲಿನ ಚಿಕಿತ್ಸೆಯ ಖರ್ಚನ್ನು ರೋಗಿಯು ಸಾಮಾನ್ಯವಾಗಿ ತನ್ನ ಜೇಬಿನಿಂದಲೇ ಕೊಡುವನಾದ್ದರಿಂದ, ರೋಗನಿರ್ಣಯವನ್ನು ಹೇಳಿದ ಬಾಯಿಯಿಂದಲೇ ಬೆಲೆಯನ್ನೂ ಹೇಳಬೇಕಾಗುತ್ತದೆ. ಧರ್ಮಸಂಕಟವು ಇಲ್ಲಿ ನಿತ್ಯದ್ದು: ತುಂಬಿಸಿದರೆ ಸಾಕಾಗುವ ಹಲ್ಲಿಗೆ ಕ್ಯಾಪನ್ನೇ ಹಾಕಬೇಕೆಂದು ಹೇಳಿದರೆ ರೋಗಿಗೆ ತಿಳಿಯುವ ಮಾರ್ಗವೇ ಇಲ್ಲ, ಮತ್ತು ತಿಂಗಳ ಕಂತು ಬ್ಯಾಂಕಿನಲ್ಲಿ ಕಾಯುತ್ತಿರುತ್ತದೆ. ಹಣದ ಮಾತೆತ್ತಲು ನಾಚುವವನು ಕ್ಲಿನಿಕ್ಕನ್ನು ಮುಚ್ಚುತ್ತಾನೆ. ನಾಚಿಕೆಯನ್ನು ಪೂರ್ತಿಯಾಗಿ ಬಿಟ್ಟವನ ವಿಷಯವನ್ನು ಹೇಳದಿರುವುದೇ ಲೇಸು.

ಊರಿನ ಆಯ್ಕೆಯೂ ಇದರೊಳಗೇ ಅಡಗಿದೆ. ಬೆಂಗಳೂರಿನ ಒಂದೊಂದು ಬಡಾವಣೆಯಲ್ಲಿ ಬೋರ್ಡಿನ ಪಕ್ಕದಲ್ಲಿ ಬೋರ್ಡು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ದಾಟಿ, ಮಕ್ಕಳ ಹಲ್ಲುಗಳು ಕಂದುಗಟ್ಟಿರುವ ಕೋಲಾರ, ಗದಗ ಪ್ರಾಂತಗಳ ಹಳ್ಳಿಗಳಲ್ಲಿಯಾದರೋ, ಹಲ್ಲುನೋವು ಬಂದವನು ಮೆಡಿಕಲ್ ಶಾಪಿನ ಮಾತ್ರೆಯಿಂದಲೇ ರಾತ್ರಿಯನ್ನು ಕಳೆಯುತ್ತಾನೆ. ತಾಲ್ಲೂಕು ಕೇಂದ್ರದಲ್ಲಿ ನೆಲಸಲು ಸಿದ್ಧನಿರುವವನ ಲೆಕ್ಕವು ನಗರವನ್ನು ಬಿಡಲಾರದವನ ಲೆಕ್ಕಕ್ಕಿಂತ ಬೇರೆ.

ಪಾರಿಶೇಷ್ಯದಿಂದ ಒಳಗೆ ಬಂದು, ಕೈಯು ಒಗ್ಗದೆ ಪರಿತಪಿಸುತ್ತಿರುವವನಿಗೆ ದಾರಿಯು ಸಂಪೂರ್ಣವಾಗಿ ಮುಚ್ಚಿದೆಯೆಂದಲ್ಲ. ಎಂ.ಡಿ.ಎಸ್. ಎಂಬ ಮೂರು ವರ್ಷಗಳ ಉನ್ನತ ವ್ಯಾಸಂಗದ ಶಾಖೆಗಳಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು ಗುಟ್ಕಾ ಜಗಿದವರ ಕೆನ್ನೆಯ ಹುಣ್ಣಿನಲ್ಲಿ ಅರ್ಬುದವನ್ನು ಗುರುತಿಸುವ ಮುಖರೋಗಶಾಸ್ತ್ರವೂ ಉಂಟು, ಊರಿಗೆ ಊರನ್ನೇ ರೋಗಿಯೆಂದು ಭಾವಿಸುವ ಸಾರ್ವಜನಿಕ ದಂತಾರೋಗ್ಯವೂ ಉಂಟು. ಆದರೆ ಇನ್ನೂ ಹೊರಗಿರುವವನಿಗೆ ಇದಕ್ಕಿಂತ ಸುಲಭವಾದ ಪರೀಕ್ಷೆಯಿದೆ. ದ್ವಿತೀಯ ಪಿ.ಯು. ಮುಗಿದು ಕೌನ್ಸೆಲಿಂಗ್ ಆರಂಭವಾಗುವುದರೊಳಗಿನ ಬಿಡುವಿನಲ್ಲಿ, ಪರಿಚಯದ ದಂತವೈದ್ಯರೊಬ್ಬರ ಅನುಮತಿ ಪಡೆದು, ಕೆಲವು ದಿನ ಅವರ ಕ್ಲಿನಿಕ್ಕಿನ ಮೂಲೆಯಲ್ಲಿ ನಿಂತು ನೋಡಬೇಕು. ಬೆಳಗಿನ ಹೊತ್ತಿಗಿಂತ ಸಂಜೆಯ ಹೊತ್ತು ಹೋಗುವುದು ಮೇಲು, ಏಕೆಂದರೆ ಹಲ್ಲಿನ ಸೆಟ್ ಕಚ್ಚುತ್ತದೆಂದು ಮೂರನೆಯ ಬಾರಿ ಬಂದ ವೃದ್ಧೆಯನ್ನೂ, ಬಾಯಿ ತೆರೆಯಲೊಲ್ಲದ ಮಗುವನ್ನೂ, ವೈದ್ಯರ ನೋಯುತ್ತಿರುವ ಕತ್ತನ್ನೂ ಆಗಲೇ ಒಟ್ಟಿಗೆ ಕಾಣಬಹುದು. ಆ ಹುಡುಗನಿಗೋ ಹುಡುಗಿಗೋ ಇದನ್ನೆಲ್ಲ ನೋಡಿಯೂ ವೈದ್ಯರ ಬೆರಳುಗಳ ಕಡೆಗೇ ಕಣ್ಣು ಹೋಗುತ್ತಿದ್ದರೆ ಆಯ್ಕೆಯ ಪಟ್ಟಿಯಲ್ಲಿ ಬಿ.ಡಿ.ಎಸ್.ಅನ್ನು ಧೈರ್ಯವಾಗಿ ಬರೆಯಬಹುದು. ಗಡಿಯಾರದ ಕಡೆಗೆ ಹೋಗುತ್ತಿದ್ದರೆ, ಸೀಟು ಪಡೆದು ಶುಲ್ಕ ಕಟ್ಟಿ, ಆಮೇಲೆ ಬಿಡುವುದಕ್ಕಾಗಿ ದಂಡ ತೆರುವುದಕ್ಕಿಂತ ಮುಂಚೆಯೇ ಸೋದರಮಾವನಿಗೆ ಹಾಗೆಂದು ಹೇಳಿಬಿಡುವುದು ವಿಹಿತ.