ಮಳೆ ಮಾಡಿದ ಹಾನಿಗೆ ವಿದ್ಯಾರ್ಥಿಗಳಿಗೆ ದಂಡವೇ?



ಹಾಸ್ಟೆಲ್‌ನಲ್ಲಿ ಏನೇ ಹಾಳಾದರೂ ದುರಸ್ತಿ ಖರ್ಚನ್ನು ಎಲ್ಲ ವಿದ್ಯಾರ್ಥಿಗಳಿಗೂ ಸಮನಾಗಿ ಹಂಚಿ, ಠೇವಣಿಯಲ್ಲಿ ಮುರಿದುಕೊಳ್ಳುವ ಪದ್ಧತಿ ಹಲವೆಡೆ ಇದೆ. ಬೇಕೆಂದೇ ಕಿಟಕಿಯ ಗಾಜು ಒಡೆದವರು ದಂಡ ತೆರಲಿ, ನನ್ನ ತಕರಾರಿಲ್ಲ. ಆದರೆ ಕೊಡಗಿನಲ್ಲಿ ಕಟ್ಟಡ ಕೆಡಿಸುವುದು ಹೆಚ್ಚಾಗಿ ಮಳೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಬಾಗಿಲು ಉಬ್ಬಿ ಚಿಲಕ ಕೂರುವುದಿಲ್ಲ, ಮಂಚದ ಕಾಲಿಗೆ ತುಕ್ಕು ಹತ್ತುತ್ತದೆ. ಇದನ್ನೂ ಮಕ್ಕಳ ಲೆಕ್ಕಕ್ಕೆ ಬರೆಯುವುದು ಶುದ್ಧ ಅನ್ಯಾಯ.

ಮಡಿಕೇರಿಯ ವೈದ್ಯಕೀಯ ಕಾಲೇಜು, ಪೊನ್ನಂಪೇಟೆಯ ಅರಣ್ಯ ಕಾಲೇಜು, ಚಿಕ್ಕ ಅಳುವಾರದ ಕೊಡಗು ವಿಶ್ವವಿದ್ಯಾಲಯ ಎಂದು ನಮ್ಮ ಪುಟ್ಟ ಜಿಲ್ಲೆಯಲ್ಲೂ ಉನ್ನತ ಶಿಕ್ಷಣ ಬೆಳೆದಿದೆ; ಬಡ ಮನೆಯ ಮಕ್ಕಳೂ ಹಾಸ್ಟೆಲ್‌ನಲ್ಲಿದ್ದು ಓದುತ್ತಾರೆ. ತೋಟದ ಕಾರ್ಮಿಕರ ಲೈನ್‌ಮನೆಯಿಂದ ಓದಲು ಬಂದ ಹುಡುಗಿಗೆ ಸಾವಿರ ರೂಪಾಯಿ ದಂಡವೆಂದರೆ ಅವಳ ತಾಯಿಯ ಎರಡು-ಮೂರು ದಿನದ ಕೂಲಿ.

ಇದಕ್ಕೆ ಪರಿಹಾರ ಸರಳ: ಕೊಠಡಿ ಕೊಡುವಾಗಲೇ ವಾರ್ಡನ್ ಮತ್ತು ವಿದ್ಯಾರ್ಥಿ ಒಟ್ಟಿಗೆ ನಿಂತು ಫ್ಯಾನ್, ನಲ್ಲಿ, ಮಂಚಗಳ ಪಟ್ಟಿ ಬರೆದು ಫೋಟೊ ತೆಗೆದಿಡಲಿ. ಮಳೆಗಾಲ ಮುಗಿದ ಮೇಲೆ ಇನ್ನೊಮ್ಮೆ ನೋಡಲಿ. ದಂಡ ಹಾಕುವವರು ದುರಸ್ತಿಯ ಬಿಲ್ ತೋರಿಸಲಿ. ತಪ್ಪಿತಸ್ಥರು ಸಿಗಲಿಲ್ಲವೆಂದು ಇಡೀ ಹಾಸ್ಟೆಲ್‌ಗೆ ದಂಡ ಹಾಕುವುದನ್ನು ಈ ವರ್ಷವೇ ನಿಲ್ಲಿಸಬೇಕು.

– ಹಾಸ್ಟೆಲ್ ವಿದ್ಯಾರ್ಥಿನಿಯೊಬ್ಬಳ ತಂದೆ, ಸೋಮವಾರಪೇಟೆ