ಪ್ರಯಾಣದ ಚೀಲಕ್ಕೆ ಬ್ಲೂ-ರೇ ಎಂಬ ಭಾರ

ಕಬಕದ ಆಸುಪಾಸಿನಲ್ಲಿ ಕೊಲ್ಲಿ ದೇಶಗಳಲ್ಲಿ ದುಡಿಯುವ ಒಬ್ಬರಾದರೂ ಇಲ್ಲದ ಕೇರಿ ಸಿಗುವುದು ಕಷ್ಟ. ರಜೆಗೆ ಊರಿಗೆ ಹೊರಡುವ ಮುನ್ನ ಅವರು ಮನೆಯ ಹಿರಿಯರನ್ನು ಕೇಳುವ ಪ್ರಶ್ನೆ ಒಂದೇ: ಏನು ತರಲಿ? ಒಂದು ಕಾಲದಲ್ಲಿ ಉತ್ತರ ಟೇಪ್ ರೆಕಾರ್ಡರ್ ಆಗಿತ್ತು, ಬಳಿಕ ಡಿವಿಡಿ ಪ್ಲೇಯರ್ ಆಯಿತು. ಈಚೆಗೆ ನನ್ನ ಬಂಧುವೊಬ್ಬರು, ಬೆಂಗಳೂರಿನ ಮಗಳ ಮನೆಗೆ ಹೋಗಿಬರುವ ದಾರಿಯಲ್ಲಿ ನೋಡಲು ಕೈಯಲ್ಲಿ ಒಯ್ಯಬಹುದಾದ ಬ್ಲೂ-ರೇ ಪ್ಲೇಯರ್ ತರಿಸಿಕೊಳ್ಳಬಹುದೇ ಎಂದು ಸಲಹೆ ಕೇಳಿದರು. ಖರೀದಿ ಪ್ರಸ್ತಾವಗಳ ಕಡತಗಳನ್ನು ಓದುತ್ತ ಸೇವಾವಧಿಯ ಬಹುಭಾಗವನ್ನು ಕಳೆದವನಿಗೆ ಇಂತಹ ಪ್ರಶ್ನೆ ಹಗುರವಾಗಿ ಕಾಣುವುದಿಲ್ಲ. ನಿವೃತ್ತರ ಸಂಸಾರದಲ್ಲಿ ಇಪ್ಪತ್ತು-ಮೂವತ್ತು ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಬಂಧುವಿನ ಕಪಾಟಿನಲ್ಲಿ ಬೇರೆಲ್ಲೂ ಸಿಗದ ತಾಳಮದ್ದಳೆಯ ಮುದ್ರಿಕೆಗಳಿವೆ. ಪ್ರಶ್ನೆಯ ನಿಜವಾದ ತೂಕವಿರುವುದು ಅಲ್ಲಿ.

ಮೊದಲು ಯಂತ್ರದ ವಿಚಾರ. ಬ್ಲೂ-ರೇ ಮಾರುಕಟ್ಟೆಗೆ ಬಂದದ್ದು 2006ರಲ್ಲಿ. ಸಾಧಾರಣ ಡಿವಿಡಿಯ ಒಂದು ಪದರ 4.7 ಗಿಗಾಬೈಟ್ ಹಿಡಿದರೆ ಬ್ಲೂ-ರೇ ಪದರ 25 ಗಿಗಾಬೈಟ್ ಹಿಡಿಯುತ್ತದೆ. ಅದರ ಎದುರಾಳಿಯಾಗಿದ್ದ ಎಚ್‌ಡಿ ಡಿವಿಡಿಯನ್ನು ತೋಷಿಬಾ ಸಂಸ್ಥೆ 2008ರ ಫೆಬ್ರುವರಿಯಲ್ಲಿ ಕೈಬಿಟ್ಟ ಮೇಲೆ ಕಣದಲ್ಲಿ ಉಳಿದದ್ದು ಬ್ಲೂ-ರೇ ಒಂದೇ. ಮರುವರ್ಷ, 2009ರಲ್ಲಿ, ಪ್ಯಾನಸೋನಿಕ್ ಸಂಸ್ಥೆ ಚೀಲದಲ್ಲಿ ಒಯ್ಯಬಹುದಾದ ಮೊದಲ ಬ್ಲೂ-ರೇ ಪ್ಲೇಯರನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. ಬೆಲೆ ಸುಮಾರು 800 ಡಾಲರ್. ಆಗಿನ ವಿನಿಮಯ ದರದಲ್ಲಿ ನಲವತ್ತು ಸಾವಿರ ರೂಪಾಯಿಗೆ ಹತ್ತಿರ. ಈಗ ಬೆಲೆ ಇಳಿದಿದೆ, ಹೆಸರು ಕೇಳದ ತಯಾರಕರೂ ಇಂತಹವನ್ನು ಮಾರುತ್ತಾರೆ. ಆದರೆ ಆ ಮೊದಲ ಯಂತ್ರದಲ್ಲಿದ್ದ ಒಂದು ವಿರೋಧಾಭಾಸವನ್ನು ಕೊಳ್ಳುವವರು ಇಂದಿಗೂ ಗಮನಿಸಬೇಕು.

ಬ್ಲೂ-ರೇ ಡಿಸ್ಕಿನಲ್ಲಿರುವ ಚಿತ್ರದ ಪ್ರತಿ ಚೌಕಟ್ಟಿನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಅಂದರೆ ಇಪ್ಪತ್ತು ಲಕ್ಷಕ್ಕೂ ಮಿಕ್ಕಿ ಚುಕ್ಕಿಗಳಿರುತ್ತವೆ. ಆ ಯಂತ್ರದ ಒಂಬತ್ತು ಅಂಗುಲದೊಳಗಿನ ಪರದೆಯಲ್ಲಿದ್ದ ಚುಕ್ಕಿಗಳು 1024ಕ್ಕೆ 600, ಎಂದರೆ ಆರು ಲಕ್ಷ ಚಿಲ್ಲರೆ. ಕೊಂಡ ಸರಕಿನಲ್ಲಿ ಹತ್ತರಲ್ಲಿ ಏಳು ಪಾಲು ಕಣ್ಣಿಗೆ ತಲುಪುವ ಮೊದಲೇ ಸೋರಿಹೋಯಿತು! ಪರದೆಯನ್ನು ಉತ್ತಮಗೊಳಿಸಿದರೂ ಲಾಭ ಅಲ್ಪವೇ. ಆರೋಗ್ಯವಂತ ಕಣ್ಣು ಒಂದೂವರೆ ಅಡಿ ದೂರದಿಂದ ಮಿಲಿಮೀಟರಿನ ಎಂಟನೆಯ ಒಂದು ಭಾಗಕ್ಕಿಂತ ಕಿರಿದಾದ ಅಂತರವನ್ನು ಗುರುತಿಸಲಾರದು. ಒಂಬತ್ತು ಅಂಗುಲದಲ್ಲಿ ಇಪ್ಪತ್ತು ಲಕ್ಷ ಚುಕ್ಕಿ ತುಂಬಿದರೆ ಅವುಗಳ ಅಂತರ ಅದಕ್ಕಿಂತಲೂ ಕಡಿಮೆ. ಅದೂ ಅಲುಗಾಡುವ ಬೋಗಿಯಲ್ಲಿ, ಅರವತ್ತು ದಾಟಿದ ಕಣ್ಣಿಗೆ! ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಕಲಿತ ಸೀಮಾಂತ ತುಷ್ಟಿಗುಣದ ಇಳಿಕೆಗೆ ಇದಕ್ಕಿಂತ ಸರಳವಾದ ಉದಾಹರಣೆ ಬೇಕೆ?

ಇನ್ನು ಆ ಯಂತ್ರದಲ್ಲಿ ಹಾಕಿ ನೋಡುವುದು ಏನನ್ನು? ಬ್ಲೂ-ರೇಯಲ್ಲಿ ಬಂದ ಕನ್ನಡ ಚಿತ್ರಗಳು ಬೆರಳೆಣಿಕೆಯಷ್ಟು. ನಮ್ಮ ಮನೆಗಳಲ್ಲಿರುವುದು ಡಿವಿಡಿ ಮತ್ತು ವಿಸಿಡಿ. ಮೋಸರ್ ಬೇರ್ ಸಂಸ್ಥೆ 2007ರ ಹೊತ್ತಿಗೆ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರಿದಾಗ ಮಧ್ಯಮ ವರ್ಗದ ಕಪಾಟುಗಳು ತುಂಬಿದವು. ಡಿವಿಡಿಯ ಒಂದು ಚೌಕಟ್ಟಿನಲ್ಲಿರುವುದು ನಾಲ್ಕು ಲಕ್ಷ ಚಿಲ್ಲರೆ ಚುಕ್ಕಿ. ವಿಸಿಡಿಯಲ್ಲಿ ಒಂದು ಲಕ್ಷ. ಬ್ಲೂ-ರೇ ಯಂತ್ರ ಡಿವಿಡಿಯನ್ನೂ ಓಡಿಸುತ್ತದೆ, ನಿಜ. ಆದರೆ ಮುದ್ರಣವಾಗದೆ ಉಳಿದದ್ದನ್ನು ಯಾವ ಯಂತ್ರವೂ ಹೊಸದಾಗಿ ಹುಟ್ಟಿಸಲಾರದು.

ವಿದೇಶದಿಂದ ತರಿಸುವವರಿಗೆ ಮತ್ತೊಂದು ಎಚ್ಚರಿಕೆ. ಚಿತ್ರೋದ್ಯಮ ಜಗತ್ತನ್ನು ಬ್ಲೂ-ರೇಗಾಗಿ ಮೂರು ವಲಯಗಳಾಗಿ ಹಂಚಿದೆ. ಅಮೆರಿಕ ‘ಎ’, ಕೊಲ್ಲಿ ದೇಶಗಳು ‘ಬಿ’, ಭಾರತ ‘ಸಿ’. ದುಬೈಯ ಅಂಗಡಿಯಲ್ಲಿ ಕೊಂಡ ಯಂತ್ರ ಭಾರತದ ವಲಯಕ್ಕೆಂದು ಬೀಗ ಹಾಕಿದ ಡಿಸ್ಕನ್ನು ನಿರಾಕರಿಸಬಹುದು. ಎಲ್ಲ ಡಿಸ್ಕುಗಳಿಗೂ ಈ ಬೀಗವಿಲ್ಲ. ಇದೆಯೋ ಇಲ್ಲವೋ ಎಂಬುದು ತಿಳಿಯುವಾಗ ತಂದವರು ಮರಳಿ ವಿಮಾನವೇರಿರುತ್ತಾರೆ.

ಪ್ರಯಾಣದ ಪರಿಸ್ಥಿತಿಯನ್ನೂ ನೋಡೋಣ. ಊರಿನ ಹೆಸರು ಹೊತ್ತ ಕಬಕ-ಪುತ್ತೂರು ನಿಲ್ದಾಣವಿರುವುದು ಪುತ್ತೂರು ಪೇಟೆಯಲ್ಲಿ. ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಹಾಕಿ, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಆರಂಭವಾಗುವವರೆಗೆ ನಾವು ಘಟ್ಟ ಹತ್ತಲು ಬಸ್ಸನ್ನೇ ನಂಬಿದ್ದೆವು. ಬೆಂಗಳೂರಿಗೆ ರೈಲಿನಲ್ಲಿ ಎಂಟು-ಒಂಬತ್ತು ಗಂಟೆ. ಅದರಲ್ಲಿ ಸುಬ್ರಹ್ಮಣ್ಯ ರೋಡ್ ಮತ್ತು ಸಕಲೇಶಪುರದ ನಡುವಣ 55 ಕಿಲೋಮೀಟರಿನಲ್ಲಿ 57 ಸುರಂಗಗಳು. ಏರು ಐವತ್ತು ಅಡಿಗೆ ಒಂದು ಅಡಿ. ಇಂತಹ ಪ್ಲೇಯರುಗಳ ಬ್ಯಾಟರಿ ಎರಡೂವರೆ, ಮೂರು ಗಂಟೆಗೆ ಸೋಲುತ್ತದೆ. ರಾತ್ರಿ ರೈಲಿನಲ್ಲಿ ಬೋಗಿಯ ವಿದ್ಯುತ್ತನ್ನು ನಂಬುವಂತಿಲ್ಲ. ಬೆಂಕಿಯ ಭಯದಿಂದ ರಾತ್ರಿ 11ರಿಂದ ಬೆಳಗಿನ 5ರವರೆಗೆ ಚಾರ್ಜಿಂಗ್ ಪಾಯಿಂಟುಗಳಿಗೆ ವಿದ್ಯುತ್ ನಿಲ್ಲಿಸುವ ಕ್ರಮ 2021ರಲ್ಲಿ ಸುದ್ದಿಯಾಗಿತ್ತು. ಕುಲುಕಾಟದ ತೊಂದರೆ ಬೇರೆ. ಡಿವಿಡಿಯ ಎರಡು ಸಾಲುಗಳ ನಡುವಿನ ಅಂತರ ಮಿಲಿಮೀಟರಿನ ಸಾವಿರ ಪಾಲಿನಲ್ಲಿ 0.74, ಬ್ಲೂ-ರೇಯಲ್ಲಿ 0.32. ಇಷ್ಟು ಸೂಕ್ಷ್ಮವಾದ ಗೆರೆಯ ಮೇಲೆ ತಿರುಗುವ ಡಿಸ್ಕಿನಿಂದ ಅಕ್ಷರ ಓದುವ ಮಸೂರಕ್ಕೆ ಶಿರಾಡಿಯ ತಿರುವು, ಹೊಂಡಗಳು ಹೇಳಿ ಮಾಡಿಸಿದ ಜಾಗವಲ್ಲ. ಮನೆಗೆ ತಂದಿಟ್ಟರೆ ನಮ್ಮ ಆಟಿ ತಿಂಗಳ ತೇವ, ಬೂಷ್ಟು ಕಾದಿರುತ್ತವೆ.

ಇದೇ ಹಳಿಯಲ್ಲಿ 2021ರ ಜುಲೈಯಲ್ಲಿ ರೈಲ್ವೆ ಇಲಾಖೆ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಗಳನ್ನು ಜೋಡಿಸಿತು. ಜನರು ಹೆಚ್ಚು ಹಣ ತೆತ್ತು ಕೊಂಡದ್ದು ಕಿಟಕಿಯ ಹೊರಗಿನ ನೋಟವನ್ನು. ಅವಕಾಶ ವೆಚ್ಚದ ಲೆಕ್ಕ ಹಾಕುವವರು ಹಗಲು ಹೊತ್ತಿನಲ್ಲಿ ತೊಡೆಯ ಮೇಲಿನ ಪರದೆಗೆ ತಲೆ ಬಾಗಿಸುವ ಬೆಲೆಯನ್ನೂ ಸೇರಿಸಿಕೊಳ್ಳಬೇಕು.

ಆದರೂ ಡಿಸ್ಕಿನ ಪರವಾಗಿ ಒಂದು ಬಲವಾದ ವಾದವಿದೆ, ಅದನ್ನು ನಾನು ಲಘುವಾಗಿ ತಳ್ಳಿಹಾಕಲಾರೆ. ಘಟ್ಟದಲ್ಲಿ ಮೊಬೈಲ್ ಸಂಪರ್ಕ ತುಂಡುತುಂಡಾಗುತ್ತದೆ. ಅಂತರಜಾಲದ ಚಿತ್ರಸೇವೆಗಳಿಂದ ಮೊದಲೇ ಇಳಿಸಿಕೊಂಡ ಚಿತ್ರಕ್ಕೂ ಅವಧಿ ಇರುತ್ತದೆ. ಒಪ್ಪಂದ ಮುಗಿದರೆ ಚಿತ್ರ ಪಟ್ಟಿಯಿಂದಲೇ ಮಾಯವಾಗುತ್ತದೆ. ತಿಂಗಳ ಚಂದಾ ಕೊಡುವವರು ಗೇಣಿದಾರರು. ಡಿಸ್ಕ್ ಇರುವವರು ಒಡೆಯರು. ಭೂಸುಧಾರಣೆಯ ಕಾಲವನ್ನು ಕಂಡ ಜಿಲ್ಲೆಯವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ನನ್ನ ಬಂಧುವಿನ ಪೆಟ್ಟಿಗೆಯಲ್ಲಿರುವ ತಾಳಮದ್ದಳೆಗಳಲ್ಲಿ ಹಲವು ಊರಿನ ದೇವಸ್ಥಾನದ ಚಾವಡಿಯಲ್ಲಿ, ಮದುವೆಯ ಚಪ್ಪರದಲ್ಲಿ ಯಾರೋ ಕ್ಯಾಮೆರಾ ಇಟ್ಟು ಹಿಡಿದವು. ಅರ್ಥ ಹೇಳಿದವರಲ್ಲಿ ಕೆಲವರು ಇಂದು ಇಲ್ಲ. ತಾಳಮದ್ದಳೆಯಲ್ಲಿ ಮಾತು ಆಯಾ ರಾತ್ರಿ ಹುಟ್ಟುವಂಥದು. ಅದೇ ಪ್ರಸಂಗವನ್ನು ಅದೇ ಕಲಾವಿದರು ಮರುದಿನ ಬೇರೆ ರೀತಿಯಲ್ಲಿ ನಡೆಸುತ್ತಾರೆ. ಯಾವ ಚಿತ್ರಸೇವೆಯ ಪಟ್ಟಿಯಲ್ಲೂ ಅವು ಇಲ್ಲ.

ಈ ವಾದವನ್ನು ಒಪ್ಪಿದ ಮೇಲೂ ಪ್ಲೇಯರ್ ಕೊಳ್ಳಬೇಕೆಂಬ ತೀರ್ಮಾನ ಹೊರಡುವುದಿಲ್ಲ. ಅಮೂಲ್ಯವಾದದ್ದು ಡಿಸ್ಕಿನಲ್ಲಿರುವ ವಸ್ತು. ಅದರ ಮೂಲಪ್ರತಿಯನ್ನೇ ಚೀಲದಲ್ಲಿ ಹಾಕಿಕೊಂಡು ಊರೂರು ಸುತ್ತುವುದು ಪಹಣಿಯ ಮೂಲಪತ್ರವನ್ನು ಜೇಬಿನಲ್ಲಿಟ್ಟು ಸಂತೆಗೆ ಹೋದಂತೆ. ಮನೆಯಲ್ಲೇ ಬರೆದ ಡಿಸ್ಕುಗಳಂತೂ ಬಣ್ಣದ ಲೇಪನದ ಮೇಲೆ ನಿಂತಿವೆ. ಬಿಸಿಲು, ಸೆಕೆ, ತೇವ ಮೂರೂ ಅವುಗಳ ಶತ್ರುಗಳು. ಓದುವ ಯಂತ್ರಗಳೂ ವಿರಳವಾಗುತ್ತಿವೆ. ಮೋಸರ್ ಬೇರ್ 2018ರಲ್ಲಿ ಸಮಾಪನೆಗೆ ಹೋಯಿತು. ಮನೆಯಲ್ಲಿ ಬರೆಯಬಹುದಾದ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ತೂರಿಸುವ ಜಾಗವನ್ನೇ ಕಾಣುವುದು ಅಪರೂಪ.

ಆದ್ದರಿಂದ ಹಣ ಹಾಕಬೇಕಾದದ್ದು ಪ್ರತಿ ತೆಗೆಯುವುದಕ್ಕೆ. ಕಂಪ್ಯೂಟರಿಗೆ ಜೋಡಿಸುವ ಸಾಧಾರಣ ಡಿವಿಡಿ ಡ್ರೈವ್, ಎರಡು ಹಾರ್ಡ್ ಡಿಸ್ಕ್, ಮನೆಯಲ್ಲಿ ಬಿಡುವಿರುವ ಹುಡುಗನ ನಾಲ್ಕು ಭಾನುವಾರ. ಇಷ್ಟರಲ್ಲಿ ಒಂದು ಕಪಾಟು ಖಾಲಿಯಾಗದೆಯೂ ಜೇಬಿಗೆ ಇಳಿಯುತ್ತದೆ. ಹಾರ್ಡ್ ಡಿಸ್ಕುಗಳಲ್ಲಿ ಒಂದು ಊರಿನಲ್ಲಿರಲಿ, ಇನ್ನೊಂದು ಬೆಂಗಳೂರಿನಲ್ಲಿ. ಪ್ರಯಾಣಕ್ಕೆ ಮನೆಯಲ್ಲಿರುವ ಟ್ಯಾಬ್ಲೆಟ್ ಅಥವಾ ಫೋನು ಸಾಕು. ಜತೆಗೆ ಇಯರ್‌ಫೋನ್ ಬೇಕೇ ಬೇಕು. ರಾತ್ರಿ 10ರ ಬಳಿಕ ಬೋಗಿಯಲ್ಲಿ ಗಟ್ಟಿಯಾಗಿ ಹಾಡು ಹಾಕಬಾರದೆಂದು ರೈಲ್ವೆ 2022ರ ಜನವರಿಯಲ್ಲಿ ಸೂಚನೆ ಹೊರಡಿಸಬೇಕಾಗಿ ಬಂದದ್ದು ನಮ್ಮ ನಾಗರಿಕತೆಗೆ ಶೋಭೆಯಲ್ಲ.

ಇಲ್ಲಿ ಸರಕಾರ ಮಾಡಬೇಕಾದ ಕೆಲಸವೂ ಒಂದಿದೆ. ಅಂಗಡಿಯಿಂದ ಕೊಂಡ ಡಿಸ್ಕನ್ನು ಸ್ವಂತ ಬಳಕೆಗೆ ಪ್ರತಿ ಮಾಡಿಕೊಳ್ಳುವುದು ಸರಿಯೇ ಎಂದು ಸಂಕೋಚಪಡುವ ಸಜ್ಜನರು ಅನೇಕರಿದ್ದಾರೆ. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಮು ಖಾಸಗಿ ಉಪಯೋಗಕ್ಕಾಗಿ ನ್ಯಾಯೋಚಿತ ಬಳಕೆಗೆ ಅವಕಾಶ ಕೊಡುತ್ತದೆ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮು ಡಿಸ್ಕಿನ ರಕ್ಷಣಾ ಬೀಗ ಮುರಿಯುವುದನ್ನು ಶಿಕ್ಷಾರ್ಹವೆನ್ನುತ್ತದೆ. ಆದರೆ ಹಕ್ಕು ಉಲ್ಲಂಘಿಸುವ ಉದ್ದೇಶವಿರಬೇಕೆಂಬ ಷರತ್ತಿನೊಡನೆ. ಎರಡನ್ನೂ ಸೇರಿಸಿ ಓದಿದರೆ ಪ್ರಾಮಾಣಿಕ ಗ್ರಾಹಕ ನಿರಾಳವಾಗಿರಬಹುದೆಂದು ನನ್ನ ಅಭಿಪ್ರಾಯ. ಅಭಿಪ್ರಾಯ ಸಾಲದು, ಸ್ಪಷ್ಟ ಮಾತು ಬೇಕು. ಬ್ರಿಟನ್ 2014ರ ಅಕ್ಟೋಬರಿನಲ್ಲಿ ಸ್ವಂತಕ್ಕೆ ಪ್ರತಿ ಮಾಡಿಕೊಳ್ಳುವುದನ್ನು ಕಾನೂನುಬದ್ಧಗೊಳಿಸಿತು. 2015ರ ಜುಲೈಯಲ್ಲಿ ಅಲ್ಲಿನ ಹೈಕೋರ್ಟ್ ಆ ನಿಯಮವನ್ನು ರದ್ದುಪಡಿಸಿತು. ನಮ್ಮಲ್ಲಿ ಕಾಯಿದೆಗೆ ಒಂದು ವಿವರಣೆಯ ಸಾಲು ಸೇರಿದರೆ, ದುಡ್ಡು ಕೊಟ್ಟು ಕೊಂಡವನು ಕಳ್ಳನಂತೆ ನಡೆಯಬೇಕಾದ ಮುಜುಗರ ತಪ್ಪುತ್ತದೆ.

ಬೆಂಗಳೂರಿಗೆ ಹೋಗಿಬರುವ ಹಿರಿಯರಿಗೆ, ಕೊಲ್ಲಿಯಿಂದ ಮರಳುವ ಮಕ್ಕಳಿಗೆ ನನ್ನ ಸಲಹೆ ಇಷ್ಟೇ. ಎಚ್‌ಡಿ ಡಿಸ್ಕುಗಳ ದೊಡ್ಡ ಸಂಗ್ರಹವಿದ್ದು, ದೂರದ ತೋಟದ ಮನೆಯಲ್ಲಿ ತಿಂಗಳುಗಟ್ಟಲೆ ತಂಗುವವರಿಗೆ ಈ ಯಂತ್ರ ಸಾರ್ಥಕವಾದೀತು. ಅಂತಹವರು ವಲಯದ ಗುರುತು ನೋಡಿ ಕೊಳ್ಳಲಿ. ಉಳಿದವರು ಆ ಹಣದ ಕಾಲು ಭಾಗವನ್ನು ಹಾರ್ಡ್ ಡಿಸ್ಕಿಗೆ ಹಾಕಲಿ. ಪ್ಲೇಯರಿಲ್ಲದೆ ಒಂದು ಪ್ರಯಾಣ ಬೇಸರದಲ್ಲಿ ಕಳೆದರೆ ನಷ್ಟ ಎಂಟು ಗಂಟೆ. ಪ್ರತಿ ತೆಗೆಯದೆ ಒಂದು ಮಳೆಗಾಲ ಕಳೆದರೆ ಆ ರಾತ್ರಿಯ ಮಾತು ಮತ್ತೆ ಕೇಳಸಿಗದು.